ಮೂವತ್ತು ವರ್ಷ ಕಾದ ಎರಡನೆಯ ಚಿತ್ರ

ಸಿ.ಟಿ. ಸ್ಕ್ಯಾನ್ ಯಂತ್ರದ ಮೊದಲ ಪೂರ್ಣ ವಿವರಣೆ ಅಚ್ಚಾದದ್ದು 1973ರ ಡಿಸೆಂಬರ್‌ನಲ್ಲಿ, ‘ಬ್ರಿಟಿಷ್ ಜರ್ನಲ್ ಆಫ್ ರೇಡಿಯಾಲಜಿ’ ಪತ್ರಿಕೆಯಲ್ಲಿ. ಬರೆದವರು ವೈದ್ಯರಲ್ಲ, ಪ್ರಾಧ್ಯಾಪಕರೂ ಅಲ್ಲ. ಹಾಡಿನ ರೆಕಾರ್ಡುಗಳಿಗೆ ಹೆಸರಾಗಿದ್ದ ಇ.ಎಂ.ಐ. ಕಂಪನಿಯ ಎಂಜಿನಿಯರ್ ಗಾಡ್‌ಫ್ರೇ ಹೌನ್ಸ್‌ಫೀಲ್ಡ್. ತಲೆಬುರುಡೆ ತೆರೆಯದೆಯೇ ಮಿದುಳನ್ನು ಹೋಳುಹೋಳಾಗಿ ನೋಡಬಹುದೆಂಬ ಸುದ್ದಿಗೆ ವೈದ್ಯಲೋಕ ಬೆರಗಾಯಿತು. ಆ ಬೆರಗಿನಲ್ಲಿ ಲೇಖನದೊಳಗಿನ ಒಂದು ಪುಟ್ಟ ಪ್ಯಾರಾ ಹೆಚ್ಚು ಜನರ ಗಮನ ಸೆಳೆಯಲಿಲ್ಲ. ದೇಹದ ಒಂದೇ ಪದರವನ್ನು ಒಮ್ಮೆ 100 ಕಿಲೊವೋಲ್ಟ್‌ನಲ್ಲಿ, ಇನ್ನೊಮ್ಮೆ 140 ಕಿಲೊವೋಲ್ಟ್‌ನಲ್ಲಿ ಚಿತ್ರಿಸಿ ಹೋಲಿಸಿದರೆ ಅಲ್ಲಿರುವ ವಸ್ತುವಿನ ಪರಮಾಣು ಸಂಖ್ಯೆಯನ್ನು ಅಂದಾಜು ಮಾಡಬಹುದು, ಅಯೋಡಿನ್ ಯಾವುದು ಕ್ಯಾಲ್ಸಿಯಂ ಯಾವುದು ಎಂದು ಬೇರ್ಪಡಿಸಬಹುದು ಎಂದು ಅದರಲ್ಲಿ ಹೌನ್ಸ್‌ಫೀಲ್ಡ್ ಬರೆದಿದ್ದರು.

ಇವತ್ತು ಡ್ಯುಯಲ್ ಎನರ್ಜಿ ಸಿ.ಟಿ. ಎಂದು ಕರೆಯುವ ವಿದ್ಯೆಯ ತಿರುಳೆಲ್ಲ ಆ ಪ್ಯಾರಾದಲ್ಲಿದೆ. ಆದರೆ ಅದು ಆಸ್ಪತ್ರೆಗಳ ದಿನಬಳಕೆಗೆ ಬರಲು 2006 ದಾಟಬೇಕಾಯಿತು. ಅಷ್ಟು ಕಾಲ ಅದು ಕಾದದ್ದಕ್ಕೆ ತಿಳಿವಳಿಕೆಯ ಕೊರತೆ ಕಾರಣವಲ್ಲ. ಗಣಿತ ಇತ್ತು, ಭೌತಶಾಸ್ತ್ರ ಇತ್ತು, ಪ್ರಯತ್ನಪಟ್ಟವರೂ ಇದ್ದರು. ಯಂತ್ರ ಮಾತ್ರ ಸಾಕಷ್ಟು ವೇಗದ್ದಾಗಿರಲಿಲ್ಲ. ಕೊನೆಗೆ ಬೇಕಾದ ಯಂತ್ರ ಬಂದದ್ದೂ ಬೇರೆ ಯಾವುದೋ ಉದ್ದೇಶಕ್ಕೆ.

ಹೌನ್ಸ್‌ಫೀಲ್ಡ್ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಷೈರ್‌ನ ರೈತ ಕುಟುಂಬದವರು. ಹುಲ್ಲಿನ ಬಣವೆಯ ಮೇಲಿಂದ ಸ್ವಂತ ಗ್ಲೈಡರ್ ಕಟ್ಟಿಕೊಂಡು ಹಾರುವುದು, ಡಾಂಬರಿನ ಪೀಪಾಯಿಗೆ ನೀರು, ಅಸಿಟಿಲೀನ್ ತುಂಬಿ ಮೇಲಕ್ಕೆ ಉಡಾಯಿಸುವುದು ಅವರ ಬಾಲ್ಯದ ಪ್ರಯೋಗಗಳು. ವಿಶ್ವವಿದ್ಯಾಲಯದ ಪದವಿ ಇರಲಿಲ್ಲ; ಯುದ್ಧಕಾಲದಲ್ಲಿ ವಾಯುಪಡೆಯಲ್ಲಿ ರಾಡಾರ್ ಕಲಿತರು, ಆಮೇಲೆ ಡಿಪ್ಲೊಮಾ ಮಾಡಿ ಇ.ಎಂ.ಐ. ಸೇರಿದರು. ಅಲ್ಲಿ ಪೂರ್ತಿ ಟ್ರಾನ್ಸಿಸ್ಟರ್‌ಗಳಿಂದಲೇ ನಡೆಯುವ ಕಂಪ್ಯೂಟರ್ ಒಂದನ್ನು ಕಟ್ಟಿದ ತಂಡದ ಮುಂದಾಳು ಅವರೇ. 1967ರ ಸುಮಾರಿಗೆ ಅವರಿಗೊಂದು ಯೋಚನೆ ಬಂತು. ಮುಚ್ಚಿದ ಪೆಟ್ಟಿಗೆಯ ಮೂಲಕ ಎಲ್ಲ ದಿಕ್ಕುಗಳಿಂದಲೂ ಕಿರಣ ಹಾಯಿಸಿ ಅಳೆದರೆ ಒಳಗೇನಿದೆ ಎಂದು ಲೆಕ್ಕ ಹಾಕಿ ಹೇಳಬಹುದಲ್ಲವೇ?

ಮೊದಲ ಪ್ರಯೋಗದ ಸಲಕರಣೆ ಹಳೆಯ ಲೇತ್ ಯಂತ್ರದ ಹಾಸು. ಅದರ ಮೇಲೆ ಗಾಮಾ ಕಿರಣದ ಮೂಲ ಹಿಂದೆಮುಂದೆ ಸರಿಯುತ್ತಿತ್ತು; ಪ್ರತಿ ಸರಿತಕ್ಕೂ ವಸ್ತುವನ್ನು ಒಂದು ಡಿಗ್ರಿ ತಿರುಗಿಸಬೇಕು. ಹೀಗೆ 28,000 ಅಳತೆ ಕಲೆಹಾಕಲು ಒಂಬತ್ತು ದಿನ, ಅದರಿಂದ ಚಿತ್ರ ಕಟ್ಟಲು ಕಂಪ್ಯೂಟರಿಗೆ ಎರಡೂವರೆ ಗಂಟೆ. ಗಾಮಾ ಮೂಲದ ಜಾಗಕ್ಕೆ ಎಕ್ಸ್‌ರೇ ಟ್ಯೂಬು ಬಂದ ಮೇಲೆ ಒಂಬತ್ತು ದಿನ ಒಂಬತ್ತು ಗಂಟೆಗೆ ಇಳಿಯಿತು. ಫಾರ್ಮಾಲಿನ್‌ನಲ್ಲಿ ಇಟ್ಟಿದ್ದ ಮಿದುಳಿನಲ್ಲಿ ಕಂಡ ವ್ಯತ್ಯಾಸ ಆ ದ್ರಾವಣದ್ದೇ ಇರಬಹುದೆಂಬ ಅನುಮಾನಕ್ಕೆ ಕಸಾಯಿಖಾನೆಯಿಂದ ಹಸಿ ಮಿದುಳು ತರಿಸಿ ನೋಡಿದ್ದೂ ಉಂಟು. 1971ರ ಅಕ್ಟೋಬರ್ 1ರಂದು ಲಂಡನ್ನಿನ ವಿಂಬಲ್ಡನ್‌ನಲ್ಲಿದ್ದ ಅಟ್ಕಿನ್ಸನ್ ಮೋರ್ಲಿ ಆಸ್ಪತ್ರೆಯಲ್ಲಿ ವೈದ್ಯ ಜೇಮ್ಸ್ ಆಂಬ್ರೋಸ್ ಮೊದಲ ರೋಗಿಯ ತಲೆಯನ್ನು ಸ್ಕ್ಯಾನ್ ಮಾಡಿದರು. ಮಿದುಳಿನ ಮುಂಭಾಗದ ಗಡ್ಡೆ ಚಿತ್ರದಲ್ಲಿ ಸ್ಪಷ್ಟವಾಗಿ ಮೂಡಿತು. ಚಿತ್ರದ ಉದ್ದಗಲ ಬರೀ 80 ಚುಕ್ಕಿ, 80 ಚುಕ್ಕಿ. ಇವತ್ತಿನ ಯಾವ ಮೊಬೈಲ್ ಫೋನೂ ಅಷ್ಟು ಒರಟು ಚಿತ್ರ ತೋರಿಸಲು ಒಪ್ಪದು.

ಈ ಯಂತ್ರಕ್ಕೆ ದುಡ್ಡು ಬಂದದ್ದು ಬೀಟಲ್ಸ್ ತಂಡದ ಹಾಡುಗಳ ಮಾರಾಟದಿಂದ ಎಂಬ ಕಥೆ ವೈದ್ಯಕೀಯ ಕಾಲೇಜುಗಳಲ್ಲಿ ಇಂದಿಗೂ ಓಡಾಡುತ್ತದೆ. ಕೇಳಲು ಚೆಂದ. ಆದರೆ ಲೆಕ್ಕಪತ್ರ ಕೆದಕಿದವರಿಗೆ ಸಿಕ್ಕ ಉತ್ತರ ಅಷ್ಟು ರಮ್ಯವಾಗಿಲ್ಲ. ಖರ್ಚಿನಲ್ಲಿ ದೊಡ್ಡ ಪಾಲು ಹೊತ್ತದ್ದು ಬ್ರಿಟಿಷ್ ಸರ್ಕಾರದ ಆರೋಗ್ಯ ಇಲಾಖೆ.

ಯಂತ್ರದ ಹಿಂದೆ ಒಂದು ಗಣಿತವಿತ್ತು, ಅದರ ಒಂದು ಮುಖ್ಯ ಎಳೆ ಬೆಂಗಳೂರಿನದು. ಹಲವು ದಿಕ್ಕಿನ ನೆರಳುಗಳಿಂದ ಒಳಗಿನ ಆಕಾರವನ್ನು ಮರಳಿ ಪಡೆಯಬಹುದೆಂದು ಆಸ್ಟ್ರಿಯಾದ ಯೋಹಾನ್ ರಾಡಾನ್ 1917ರಲ್ಲೇ ಸಾಧಿಸಿದ್ದರು. ದಕ್ಷಿಣ ಆಫ್ರಿಕಾದ ಅಲನ್ ಕಾರ್ಮ್ಯಾಕ್ 1963 ಮತ್ತು 1964ರಲ್ಲಿ ಅದೇ ಸಮಸ್ಯೆಯನ್ನು ವೈದ್ಯಕೀಯದ ದೃಷ್ಟಿಯಿಂದ ಬಿಡಿಸಿ ಪ್ರಕಟಿಸಿದರು, ಓದಿದವರೇ ವಿರಳ. ಆದರೆ ಕಾಗದದ ಮೇಲಿನ ಸೂತ್ರ ಬೇರೆ, ಅಂದಿನ ಬಡಪಾಯಿ ಕಂಪ್ಯೂಟರು ಬೇಗ ಮಾಡಿ ಮುಗಿಸಬಲ್ಲ ಲೆಕ್ಕ ಬೇರೆ. ಹೌನ್ಸ್‌ಫೀಲ್ಡ್ ಮೊದಮೊದಲು ಸಾವಿರಾರು ಸಮೀಕರಣಗಳನ್ನು ಮತ್ತೆ ಮತ್ತೆ ತಿದ್ದುತ್ತಾ ಉತ್ತರದ ಹತ್ತಿರ ಹೋಗುವ ದಾರಿ ಹಿಡಿದಿದ್ದರು. 1971ರಲ್ಲಿ ಜಿ.ಎನ್. ರಾಮಚಂದ್ರನ್ ಮತ್ತು ಎ.ವಿ. ಲಕ್ಷ್ಮೀನಾರಾಯಣನ್ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಅದಕ್ಕಿಂತ ಬಹಳ ಹಗುರವಾದ ವಿಧಾನವನ್ನು ಬರೆದರು. ಪ್ರತಿ ನೆರಳನ್ನೂ ಒಂದು ಸರಳ ಶೋಧಕದಲ್ಲಿ ಸೋಸಿ, ಬಂದ ದಿಕ್ಕಿಗೇ ಹಿಂದಕ್ಕೆ ಹರಡಿ ಕೂಡಿಸಿದರೆ ಚಿತ್ರ ಸಿದ್ಧ.

ಕೊಲ್ಯಾಜನ್ ಪ್ರೋಟೀನಿನ ಮೂರೆಳೆಯ ಸುರುಳಿಯನ್ನು ಮದರಾಸಿನಲ್ಲಿ ಬಿಡಿಸಿದ ರಾಮಚಂದ್ರನ್ ಆ ಹೊತ್ತಿಗೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟುವುದರಲ್ಲಿ ತೊಡಗಿದ್ದರು. ಸಿ.ವಿ. ರಾಮನ್ ಅವರ ಕೈಕೆಳಗೆ ಅದೇ ಸಂಸ್ಥೆಯಲ್ಲಿ ಕಲಿತವರು. 1971ರ ಆ ಲೇಖನದಲ್ಲಿ ಅವರ ಕಣ್ಣು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳ ಮೇಲೂ ಇತ್ತು. ಲಂಡನ್ನಿನಲ್ಲಿ ಅದೇ ವರ್ಷ ಒಬ್ಬ ರೋಗಿಯ ತಲೆ ಯಂತ್ರದೊಳಗೆ ಹೋಗಲಿದೆ ಎಂಬುದು ಅವರಿಗೆ ಗೊತ್ತಿರುವ ಸಂಗತಿಯಲ್ಲ. ರೇಡಿಯೋ ಖಗೋಳ ವಿಜ್ಞಾನಿ ರೊನಾಲ್ಡ್ ಬ್ರೇಸ್‌ವೆಲ್ 1967ರಲ್ಲಿ ಇಂಥದೇ ದಾರಿ ತೋರಿದ್ದರು ಎಂಬುದನ್ನೂ ಹೇಳಬೇಕು. ಆದರೂ ಸಿ.ಟಿ. ಗಣಿತದ ಪಠ್ಯಪುಸ್ತಕಗಳಲ್ಲಿ ಆ ಶೋಧಕದ ಹೆಸರು ‘ರಾಮ್–ಲ್ಯಾಕ್’ ಎಂದೇ ಉಳಿದಿದೆ. ಎರಡು ಶಕ್ತಿಗಳ ಚಿತ್ರಗಳನ್ನು ಬೇರೆ ಬೇರೆಯಾಗಿ ಕಟ್ಟುವಾಗಲೂ ದಶಕಗಳ ಕಾಲ ಯಂತ್ರಗಳು ನಡೆದದ್ದು ಈ ಶೋಧಕ, ಇಲ್ಲವೇ ಅದರ ಮಕ್ಕಳು ಮೊಮ್ಮಕ್ಕಳ ಮೇಲೆ.

ಎರಡನೆಯ ಚಿತ್ರ ಯಾಕೆ ಬೇಕು?

ಸಿ.ಟಿ. ಯಂತ್ರ ಪ್ರತಿ ಚುಕ್ಕಿಗೂ ಒಂದು ಸಂಖ್ಯೆ ಕೊಡುತ್ತದೆ. ಆ ಅಳತೆಗೋಲಿಗೆ ಹೌನ್ಸ್‌ಫೀಲ್ಡ್ ಅವರದೇ ಹೆಸರು. ನೀರಿಗೆ ಸೊನ್ನೆ, ಗಾಳಿಗೆ ಮೈನಸ್ 1000, ಗಟ್ಟಿ ಮೂಳೆಗೆ ಪ್ಲಸ್ ಸಾವಿರ ಮತ್ತು ಮೇಲೆ. ಎಕ್ಸ್‌ರೇಯನ್ನು ಆ ಚುಕ್ಕಿ ಎಷ್ಟು ತಡೆಯಿತು ಎಂಬುದರ ಲೆಕ್ಕ ಇದು. ತೊಂದರೆ ಇರುವುದೂ ಇಲ್ಲೇ. ತಕ್ಕಡಿಗೆ ಬೆಲ್ಲವೂ ಒಂದೇ, ಹುಣಸೆಹಣ್ಣೂ ಒಂದೇ. ತೂಕ ಹೇಳುತ್ತದೆ, ಪದಾರ್ಥ ಹೇಳುವುದಿಲ್ಲ. ರಕ್ತನಾಳ ಎದ್ದು ಕಾಣಲೆಂದು ಅದಕ್ಕೆ ಚುಚ್ಚಿದ ತೆಳು ಅಯೋಡಿನ್ ದ್ರಾವಣಕ್ಕೂ (ಕಾಂಟ್ರಾಸ್ಟ್), ನಾಳದ ಗೋಡೆಯಲ್ಲಿ ಕೂತ ಕ್ಯಾಲ್ಸಿಯಂಗೂ ಒಂದೇ ಸಂಖ್ಯೆ ಬರಬಹುದು. ತೆರೆಯ ಮೇಲೆ ಎರಡೂ ಒಂದೇ ಬಿಳಿ.

ಎಕ್ಸ್‌ರೇ ಕಣವೊಂದು ದೇಹದೊಳಗೆ ತಡೆಯಲ್ಪಡಲು ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಅದು ಪರಮಾಣುವಿನ ಒಳಕವಚದ ಎಲೆಕ್ಟ್ರಾನನ್ನು ಕಿತ್ತೆಸೆದು ತಾನೂ ಪೂರ್ತಿ ಇಲ್ಲವಾಗುತ್ತದೆ. ಇದು ದ್ಯುತಿವಿದ್ಯುತ್ ಪರಿಣಾಮ. ಭಾರದ ಧಾತುಗಳಲ್ಲಿ ಇದು ವಿಪರೀತ ಹೆಚ್ಚು, ಪರಮಾಣು ಸಂಖ್ಯೆಯ ಸುಮಾರು ಘನದ ಪ್ರಮಾಣದಲ್ಲಿ ಏರುತ್ತದೆ. ಕಿರಣದ ಶಕ್ತಿ ಹೆಚ್ಚಿದಂತೆ ಅಷ್ಟೇ ಕಡಿದಾಗಿ ಇಳಿಯುತ್ತದೆ. ಇನ್ನೊಂದರಲ್ಲಿ ಕಣವು ಸಡಿಲವಾದ ಎಲೆಕ್ಟ್ರಾನಿಗೆ ಡಿಕ್ಕಿ ಹೊಡೆದು ದಾರಿ ತಪ್ಪುತ್ತದೆ. ಇದು ಕಾಂಪ್ಟನ್ ಚದುರುವಿಕೆ. ಇದಕ್ಕೆ ಧಾತು ಯಾವುದೆಂಬ ಪರಿವೆ ಹೆಚ್ಚಿಲ್ಲ, ಎಲೆಕ್ಟ್ರಾನ್ ಎಷ್ಟು ದಟ್ಟವಾಗಿದೆ ಎಂಬುದಷ್ಟೇ ಮುಖ್ಯ. ಒಂದು ಅಳತೆಯಲ್ಲಿ ಇವೆರಡೂ ಕಲಸಿಹೋಗಿರುತ್ತವೆ. ಶಾಲೆಯ ಬೀಜಗಣಿತ ಹೇಳುವಂತೆ, ಗೊತ್ತಿಲ್ಲದವು ಎರಡಿದ್ದರೆ ಸಮೀಕರಣವೂ ಎರಡು ಬೇಕು. ಎರಡನೆಯ ಶಕ್ತಿಯಲ್ಲಿ ತೆಗೆದ ಚಿತ್ರವೇ ಆ ಎರಡನೆಯ ಸಮೀಕರಣ.

ಸಂಖ್ಯೆಗಳಲ್ಲಿ ಹೇಳುವುದಾದರೆ, ಅಯೋಡಿನ್ ಪರಮಾಣು ಸಂಖ್ಯೆ 53, ಕ್ಯಾಲ್ಸಿಯಂ 20. ಟ್ಯೂಬನ್ನು 140ರ ಬದಲು 80 ಕಿಲೊವೋಲ್ಟ್‌ನಲ್ಲಿ ಓಡಿಸಿದರೆ ಅಯೋಡಿನ್ನಿನ ಹೌನ್ಸ್‌ಫೀಲ್ಡ್ ಸಂಖ್ಯೆ ಹತ್ತಿರಹತ್ತಿರ ಎರಡು ಪಟ್ಟು ಏರುತ್ತದೆ. ಕ್ಯಾಲ್ಸಿಯಂ ಕೂಡ ಏರುತ್ತದೆ, ಆದರೆ ಅಷ್ಟಿಲ್ಲ. ಇಂಗಾಲ, ಜಲಜನಕ, ಸಾರಜನಕ, ಆಮ್ಲಜನಕಗಳಷ್ಟೇ ಸೇರಿ ಆದ ಯೂರಿಕ್ ಆಮ್ಲ ಕದಲುವುದೇ ಇಲ್ಲವೆನ್ನಬಹುದು. ಎರಡು ಚಿತ್ರಗಳ ನಡುವೆ ಯಾವುದು ಎಷ್ಟು ಕದಲಿತು ಎಂಬುದೇ ಗುರುತು.

ಈ ವಿಚಾರ ಸಿ.ಟಿ.ಗಿಂತಲೂ ಹಳೆಯದು. 1953ರಲ್ಲಿ ಸ್ವೀಡನ್ನಿನ ಬರ್ಟಿಲ್ ಜೇಕಬ್‌ಸನ್ ಎರಡು ಬೇರೆ ಶಕ್ತಿಯ ಕಿರಣಗಳಿಂದ ಎಕ್ಸ್‌ರೇ ಚಿತ್ರ ತೆಗೆಯುವ ಸಾಧನ ಕಟ್ಟಿ ಅದಕ್ಕೆ ‘ಡೈಕ್ರೊಮೋಗ್ರಫಿ’ ಎಂದು ಹೆಸರಿಟ್ಟಿದ್ದರು. 33.2 ಕಿಲೊ ಎಲೆಕ್ಟ್ರಾನ್‌ವೋಲ್ಟ್ ಶಕ್ತಿ ದಾಟುತ್ತಿದ್ದಂತೆ ಅಯೋಡಿನ್ ಕಿರಣಗಳನ್ನು ಹೀರುವುದು ಒಮ್ಮೆಲೇ ಜಿಗಿಯುತ್ತದೆ. ಆ ಜಿಗಿತದ ಹಿಂದೊಂದು ಮುಂದೊಂದು ಅಳತೆ ತೆಗೆದರೆ ಅಯೋಡಿನ್ ತಾನಾಗಿ ಎದ್ದು ಕಾಣುತ್ತದೆಂಬುದು ಅವರ ಉಪಾಯ. ಒಳ್ಳೆಯ ಉಪಾಯವೇ. ಆದರೆ ಅಷ್ಟು ಕಡಿಮೆ ಶಕ್ತಿಯ ಕಿರಣ ವಯಸ್ಕರ ಹೊಟ್ಟೆ ಎದೆಗಳನ್ನು ದಾಟಿ ಹೊರಬರುವುದೇ ಕಷ್ಟ.

1976ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ರಾಬರ್ಟ್ ಅಲ್ವಾರೆಜ್ ಮತ್ತು ಆಲ್ಬರ್ಟ್ ಮಕೋವ್ಸ್ಕಿ ಹೌನ್ಸ್‌ಫೀಲ್ಡ್ ಅವರ ಸೂಚನೆಗೆ ಗಟ್ಟಿ ಗಣಿತ ಕೊಟ್ಟರು. ದ್ಯುತಿವಿದ್ಯುತ್ ಪಾಲು ಒಂದು ಚಿತ್ರ, ಕಾಂಪ್ಟನ್ ಪಾಲು ಇನ್ನೊಂದು ಚಿತ್ರ ಎಂದು ಬಿಡಿಸುವ ಅವರ ವಿಧಾನ ಇಂದಿನ ಎಲ್ಲ ಡ್ಯುಯಲ್ ಎನರ್ಜಿ ತಂತ್ರಾಂಶಗಳಿಗೂ ತಳಹದಿ. ಮರುವರ್ಷವೇ ಸ್ಯಾನ್ ಫ್ರಾನ್ಸಿಸ್ಕೊದ ಹ್ಯಾರಿ ಜೆನಾಂಟ್ ಮತ್ತು ಡಗ್ಲಸ್ ಬಾಯ್ಡ್ ಇದರಿಂದ ಮೂಳೆಯ ಖನಿಜಾಂಶ ಅಳೆಯಲು ಹೊರಟರು. 1979ರಲ್ಲಿ ಜೊವಾನಿ ಡಿ ಕಿರೋ ಮತ್ತು ಸಂಗಡಿಗರು ಅಂಗಾಂಶಗಳ ಗುರುತನ್ನು ಹೀಗೆ ಹಿಡಿಯಬಹುದೆಂದು ಬರೆದರು. ಉತ್ಸಾಹಕ್ಕೆ ಕೊರತೆ ಇರಲಿಲ್ಲ.

ಕೈಕೊಟ್ಟದ್ದು ರೋಗಿಯ ಉಸಿರು. ಅಂದಿನ ಯಂತ್ರಕ್ಕೆ ಒಂದು ಪದರಕ್ಕೆ ಹಲವು ಸೆಕೆಂಡು, ಮೊದಲ ಯಂತ್ರಕ್ಕಂತೂ ನಾಲ್ಕೈದು ನಿಮಿಷ. ಮೊದಲ ಚಿತ್ರ ಮುಗಿದು ಎರಡನೆಯದು ಶುರುವಾಗುವಷ್ಟರಲ್ಲಿ ರೋಗಿ ಉಸಿರಾಡಿರುತ್ತಾರೆ, ಕರುಳು ಸರಿದಿರುತ್ತದೆ, ಚುಚ್ಚಿದ ಅಯೋಡಿನ್ ಮುಂದಕ್ಕೆ ಹರಿದಿರುತ್ತದೆ. ಎರಡು ಚಿತ್ರಗಳ ಚುಕ್ಕಿ ಚುಕ್ಕಿ ಹೊಂದದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ಜತೆಗೆ ಕಡಿಮೆ ವೋಲ್ಟೇಜಿನಲ್ಲಿ ಆ ಕಾಲದ ಟ್ಯೂಬುಗಳು ಸಾಕಷ್ಟು ಕಿರಣ ಕೊಡುತ್ತಿರಲಿಲ್ಲ. ಚಿತ್ರವೆಲ್ಲ ಮರಳು ಮರಳು. ಎರಡು ಮರಳು ಚಿತ್ರಗಳನ್ನು ಕಳೆದರೆ ಬರುವುದು ಇನ್ನೂ ಹೆಚ್ಚು ಮರಳು.

1980ರ ದಶಕದಲ್ಲಿ ಸೀಮೆನ್ಸ್ ಒಂದು ಪ್ರಯತ್ನ ಮಾಡಿತು. ಟ್ಯೂಬು ಸುತ್ತುತ್ತಿರುವಾಗಲೇ ವೋಲ್ಟೇಜನ್ನು ಮೇಲೆ ಕೆಳಗೆ ಬದಲಿಸುವ ಮಾದರಿಯನ್ನು ವಿಲ್ಲಿ ಕಾಲೆಂಡರ್ ಮತ್ತು ತಂಡ 1986ರಲ್ಲಿ ಪರೀಕ್ಷಿಸಿ ವರದಿ ಮಾಡಿದರು. ಯಂತ್ರ ಕೆಲಸ ಮಾಡಿತು, ಮೂಳೆಯ ಖನಿಜಾಂಶ ಅಳೆಯಿತು. ಆದರೆ ಮೂಳೆ ಅಳೆಯಲು ಅಷ್ಟು ದುಬಾರಿ ಯಂತ್ರವೇ ಬೇಕಿರಲಿಲ್ಲ. ಅದೇ ಎರಡು ಶಕ್ತಿಗಳ ತತ್ವವನ್ನು ಸಾದಾ ಎಕ್ಸ್‌ರೇಗೆ ಅಳವಡಿಸಿದ ಡೆಕ್ಸಾ ಯಂತ್ರ 1987ರಲ್ಲಿ ಮಾರುಕಟ್ಟೆಗೆ ಬಂತು. ಅಗ್ಗ, ಕಿರಣದ ಪ್ರಮಾಣ ತೀರಾ ಕಡಿಮೆ. ಇಂದು ವಯಸ್ಸಾದವರ ಮೂಳೆ ಸವೆತ ಪರೀಕ್ಷೆಗೆ ವೈದ್ಯರು ಬರೆದುಕೊಡುವುದು ಇದನ್ನೇ. ಎರಡು ಶಕ್ತಿಯ ವಿದ್ಯೆ ಮೊದಲು ಗೆದ್ದದ್ದು ಹೀಗೆ, ಸಿ.ಟಿ.ಯ ಹೊರಗೆ. ಸಿ.ಟಿ. ಒಳಗೆ ಅದು ಮತ್ತೆ ಎರಡು ದಶಕ ಮಲಗಿತು.

ಇ.ಎಂ.ಐ. ಕಥೆಯನ್ನೂ ಇಲ್ಲೇ ಮುಗಿಸಿಬಿಡಬಹುದು. 1979ರಲ್ಲಿ ಹೌನ್ಸ್‌ಫೀಲ್ಡ್ ಮತ್ತು ಕಾರ್ಮ್ಯಾಕ್ ಅವರಿಗೆ ನೊಬೆಲ್ ಬಂತು. ಅದೇ ವರ್ಷ, ಸ್ಕ್ಯಾನರ್ ವ್ಯವಹಾರದ ನಷ್ಟದಲ್ಲಿ ಮುಳುಗಿದ್ದ ಇ.ಎಂ.ಐ.ಯನ್ನು ಥಾರ್ನ್ ಕಂಪನಿ ಕೊಂಡುಕೊಂಡಿತು. ಸ್ಕ್ಯಾನರ್ ತಯಾರಿಕೆ ನಿಂತಿತು. ಮುಂದಿನ ಆಟ ಅಮೆರಿಕದ ಜಿ.ಇ., ಜರ್ಮನಿಯ ಸೀಮೆನ್ಸ್, ನೆದರ್‌ಲ್ಯಾಂಡ್ಸ್‌ನ ಫಿಲಿಪ್ಸ್, ಜಪಾನಿನ ತೋಷಿಬಾಗಳದು.

ಅವರ ನಡುವೆ 2000ದ ಆಸುಪಾಸಿನಲ್ಲಿ ನಡೆದ ಪೈಪೋಟಿ ಹೃದಯಕ್ಕಾಗಿ. ಬಡಿಯುವ ಹೃದಯವನ್ನು ಮಸುಕಿಲ್ಲದೆ ಹಿಡಿಯಬೇಕಾದರೆ ಯಂತ್ರ ಇನ್ನೂ ವೇಗವಾಗಿ ಸುತ್ತಬೇಕು. ಆದರೆ ನೂರಾರು ಕಿಲೋ ತೂಕದ ಟ್ಯೂಬು, ಕಿರಣ ಅಳೆಯುವ ಡಿಟೆಕ್ಟರುಗಳು ಸೆಕೆಂಡಿಗೆ ಮೂರು ಸುತ್ತು ಹಾಕುವಾಗಲೇ ಅವುಗಳ ಮೇಲೆ ಬೀಳುವ ಒತ್ತಡ ಅಪಾರ. ಇನ್ನಷ್ಟು ತಿರುಗಿಸುವುದಕ್ಕೆ ಮಿತಿ ಇತ್ತು. ಸೀಮೆನ್ಸ್‌ನವರು ಹೂಡಿದ ಉಪಾಯ ಸರಳ. ಟ್ಯೂಬನ್ನೇ ಎರಡು ಮಾಡಿದರು. ಒಂದಕ್ಕೊಂದು ಸರಿಸುಮಾರು 90 ಡಿಗ್ರಿ ಕೋನದಲ್ಲಿ ಎರಡು ಟ್ಯೂಬು, ಎದುರಿಗೆ ಎರಡು ಡಿಟೆಕ್ಟರು. ಕಾಲು ಸುತ್ತಿಗೇ ಚಿತ್ರ ಸಿದ್ಧ, 83 ಮಿಲಿಸೆಕೆಂಡು. 2005ರ ನವೆಂಬರ್‌ನಲ್ಲಿ ಶಿಕಾಗೊದ ರೇಡಿಯಾಲಜಿ ಸಮ್ಮೇಳನದಲ್ಲಿ ತೋರಿಸಿದ ಆ ಯಂತ್ರಕ್ಕೆ ‘ಸೊಮಾಟೊಮ್ ಡೆಫಿನಿಷನ್’ ಎಂದು ಹೆಸರು.

ಎರಡು ಟ್ಯೂಬು ಇದ್ದ ಮೇಲೆ ಎರಡಕ್ಕೂ ಒಂದೇ ವೋಲ್ಟೇಜು ಯಾಕೆ ಕೊಡಬೇಕು? ಒಂದಕ್ಕೆ 80, ಇನ್ನೊಂದಕ್ಕೆ 140 ಕೊಟ್ಟರೆ ಹೌನ್ಸ್‌ಫೀಲ್ಡ್ ಅವರ ಎರಡು ಚಿತ್ರಗಳು ಹೆಚ್ಚುಕಡಿಮೆ ಏಕಕಾಲಕ್ಕೆ ಸಿಗುತ್ತವೆ. ಮ್ಯೂನಿಕ್‌ನ ಥಾರ್ಸ್ಟನ್ ಜಾನ್ಸನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಮೊದಲ ಅನುಭವಗಳಲ್ಲಿ ಅಯೋಡಿನ್ ತುಂಬಿದ ರಕ್ತನಾಳದಿಂದ ಮೂಳೆಯನ್ನು ಬಿಡಿಸಿ ತೋರಿಸಿದ್ದರು. ಹೌನ್ಸ್‌ಫೀಲ್ಡ್ ಇದನ್ನು ನೋಡಲಿಲ್ಲ. 2004ರ ಆಗಸ್ಟ್‌ನಲ್ಲಿ ತೀರಿಕೊಂಡಿದ್ದರು.

ಮುಂದಿನ ಹತ್ತು ವರ್ಷ ಬೇರೆ ಕಂಪನಿಗಳು ತಂತಮ್ಮ ದಾರಿ ಹಿಡಿದವು. ಜಿ.ಇ. 1980ರ ದಶಕದ ಹಳೆಯ ಉಪಾಯವನ್ನು ಹೊಸ ಬಲದಿಂದ ಎತ್ತಿಕೊಂಡಿತು. ಒಂದೇ ಟ್ಯೂಬು, ಒಂದು ಮಿಲಿಸೆಕೆಂಡಿಗೂ ಕಡಿಮೆ ಅವಧಿಯಲ್ಲಿ 80ರಿಂದ 140ಕ್ಕೆ, 140ರಿಂದ 80ಕ್ಕೆ ನೆಗೆತ. ಅದಕ್ಕೆ ತಕ್ಕಂತೆ ಬೇಗ ಮಿನುಗಿ ಬೇಗ ಆರುವ ಗಾರ್ನೆಟ್ ಜಾತಿಯ ಹರಳಿನ ಡಿಟೆಕ್ಟರು. ಫಿಲಿಪ್ಸ್ ಟ್ಯೂಬನ್ನು ಮುಟ್ಟಲೇ ಇಲ್ಲ, ಡಿಟೆಕ್ಟರನ್ನು ಎರಡು ಪದರ ಮಾಡಿತು. ಕಡಿಮೆ ಶಕ್ತಿಯ ಕಣಗಳು ಮೇಲಿನ ಪದರದಲ್ಲಿ, ಹೆಚ್ಚು ಶಕ್ತಿಯವು ಕೆಳಗಿನದರಲ್ಲಿ ನಿಲ್ಲುತ್ತವೆ. ಬೇರೆ ಯಂತ್ರಗಳಲ್ಲಿ ಡ್ಯುಯಲ್ ಎನರ್ಜಿ ಬೇಕೆಂದು ಮೊದಲೇ ನಿರ್ಧರಿಸಬೇಕು. ಇದರಲ್ಲಿ ಸ್ಕ್ಯಾನ್ ಮುಗಿದು ರೋಗಿ ಮನೆಗೆ ಹೋದ ಮೇಲೂ ಬೇಕಾದರೆ ಆ ಮಾಹಿತಿ ತೆಗೆಯಬಹುದು. ಆಸ್ಪತ್ರೆಯ ದೃಷ್ಟಿಯಿಂದ ಇದೇ ಜಾಣತನದ ದಾರಿ ಎನಿಸುತ್ತದೆ, ಎರಡು ಶಕ್ತಿಗಳ ಅಂತರ ಇಲ್ಲಿ ಕೊಂಚ ಕಿರಿದಾದರೂ. ಸೀಮೆನ್ಸ್ ತನ್ನ ಎರಡನೆಯ ಪೀಳಿಗೆಯ ಯಂತ್ರದಲ್ಲಿ 140 ಕಿಲೊವೋಲ್ಟ್ ಟ್ಯೂಬಿನ ಮುಂದೆ ತೆಳು ತವರದ ಹಾಳೆ ಇಟ್ಟು ಆ ಅಂತರವನ್ನು ಹಿಗ್ಗಿಸಿತು.

ಇದೆಲ್ಲದರಿಂದ ರೋಗಿಗೆ ಆದದ್ದೇನು? ಮೊದಲ ಸ್ಪಷ್ಟ ಉತ್ತರ ಮೂತ್ರಪಿಂಡದ ಕಲ್ಲಿನಿಂದ ಬಂತು. ಸಾದಾ ಸಿ.ಟಿ. ಕಲ್ಲು ಎಲ್ಲಿದೆ, ಎಷ್ಟು ದೊಡ್ಡದು ಎಂದು ಚೆನ್ನಾಗಿ ಹೇಳುತ್ತದೆ; ಯಾವ ಕಲ್ಲು ಎಂದು ಖಚಿತವಾಗಿ ಹೇಳದು. ಕ್ಯಾಲ್ಸಿಯಂ ಕಲ್ಲಾದರೆ ಒಡೆಯಬೇಕು ಇಲ್ಲವೇ ತೆಗೆಯಬೇಕು. ಯೂರಿಕ್ ಆಮ್ಲದ ಕಲ್ಲಾದರೆ ಪೊಟ್ಯಾಸಿಯಂ ಸಿಟ್ರೇಟಿನಂಥ ಔಷಧಿ ಕೊಟ್ಟು ಮೂತ್ರದ ಆಮ್ಲತೆ ತಗ್ಗಿಸಿ ಕರಗಿಸಬಹುದು. ಅಮೆರಿಕದ ಮೇಯೊ ಕ್ಲಿನಿಕ್‌ನ ಸಂಶೋಧಕರು 2007ರಲ್ಲೇ ಡ್ಯುಯಲ್ ಎನರ್ಜಿಯಿಂದ ಈ ಎರಡನ್ನು ಬೇರ್ಪಡಿಸಬಹುದೆಂದು ತೋರಿಸಿದರು. ಶಸ್ತ್ರಕ್ರಿಯೆಯೋ ಮಾತ್ರೆಯೋ ಎಂಬ ಪ್ರಶ್ನೆಗೆ ಒಂದು ಸ್ಕ್ಯಾನ್ ಉತ್ತರ ಕೊಡತೊಡಗಿತು.

ಅದೇ ಯೂರಿಕ್ ಆಮ್ಲ ಕೀಲುಗಳಲ್ಲಿ ಹರಳುಗಟ್ಟಿದರೆ ಗೌಟ್. ರಾತ್ರಿ ಬೆಳಗಾಗುವುದರೊಳಗೆ ಕಾಲಿನ ಹೆಬ್ಬೆರಳು ಕೆಂಪಾಗಿ ಊದಿ, ಹೊದಿಕೆ ತಾಗಿದರೂ ಜೀವ ಹೋಗುವಂಥ ನೋವು. 1961ರಲ್ಲಿ ಡೇನಿಯಲ್ ಮೆಕಾರ್ಟಿ ಮತ್ತು ಜೋಸೆಫ್ ಹೊಲಾಂಡರ್ ಕೀಲಿನ ದ್ರವದಲ್ಲಿ ಈ ಹರಳುಗಳನ್ನು ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಗುರುತಿಸಿದ ಮೇಲೆ ಖಚಿತ ಪರೀಕ್ಷೆಯೆಂದರೆ ಕೀಲಿಗೆ ಸೂಜಿ ಚುಚ್ಚುವುದು ಎಂದಾಯಿತು. ಊದಿದ ಕೀಲಿಗೆ ಸೂಜಿ ಎಂದರೆ ಯಾರಿಗೂ ಇಷ್ಟವಿಲ್ಲ. ಬೆನ್ನೆಲುಬಿನಂಥ ಜಾಗದಲ್ಲಿ ಅದು ಸುಲಭವೂ ಅಲ್ಲ. ಕೆನಡಾದ ವ್ಯಾಂಕೂವರ್‌ನಿಂದ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 20 ಮಂದಿ ಗೌಟ್ ರೋಗಿಗಳನ್ನು ವೈದ್ಯರು ಕೈಯಿಂದ ಮುಟ್ಟಿ ಪರೀಕ್ಷಿಸಿದಾಗ ಹರಳು ಕೂತ ಜಾಗಗಳು ಸಿಕ್ಕಿದ್ದು 111. ಡ್ಯುಯಲ್ ಎನರ್ಜಿ ಸಿ.ಟಿ. ತೋರಿಸಿದ್ದು 440. ಹರಳಿಗೆ ಹಸಿರು ಬಣ್ಣ ಹಚ್ಚಿ ತಂತ್ರಾಂಶ ಕೊಡುವ ಆ ಪಾದದ ಚಿತ್ರಗಳು ಈ ವಿದ್ಯೆಯ ಜಾಹೀರಾತಿನಂತೆ ಎಲ್ಲೆಡೆ ಹರಡಿದವು. 2015ರಲ್ಲಿ ಅಮೆರಿಕ ಮತ್ತು ಯುರೋಪಿನ ಸಂಧಿವಾತ ತಜ್ಞರ ಸಂಘಗಳು ಜಂಟಿಯಾಗಿ ಹೊರತಂದ ಗೌಟ್ ಮಾನದಂಡದಲ್ಲಿ ಈ ಪರೀಕ್ಷೆಗೂ ಅಂಕ ಸಿಕ್ಕಿತು.

ಆದರೆ ಹಸಿರೆಲ್ಲ ಗೌಟ್ ಅಲ್ಲ. ಉಗುರಿನ ಬುಡ, ಹಿಮ್ಮಡಿಯ ದಪ್ಪ ಚರ್ಮ ಕೂಡ ಹಸಿರಾಗಿ ಕಾಣುತ್ತವೆ. ಅನುಭವವಿಲ್ಲದವರು ಆರೋಗ್ಯವಂತರ ಕಾಲಿನಲ್ಲೂ ಕಾಯಿಲೆ ಕಂಡಾರು. ರೋಗ ಶುರುವಾದ ಹೊಸತರಲ್ಲಿ ಹರಳುಗಳು ತೀರಾ ಸಣ್ಣವಾಗಿದ್ದು ಯಂತ್ರಕ್ಕೆ ದಕ್ಕದೆ ಹೋಗುವುದೂ ಇದೆ. ಆಗ ಸೂಜಿಯೇ ಗತಿ.

ತುರ್ತು ಚಿಕಿತ್ಸೆಯಲ್ಲಿ ಇದರ ಉಪಯೋಗ ಇನ್ನೂ ನೇರ. ಪಾರ್ಶ್ವವಾಯು ಬಡಿದವರ ಮಿದುಳಿನ ರಕ್ತನಾಳಕ್ಕೆ ತೊಡೆಯಿಂದ ಕೊಳವೆ ತೂರಿಸಿ ಹೆಪ್ಪುಗಟ್ಟಿದ ರಕ್ತವನ್ನು ಎಳೆದು ತೆಗೆಯುವ ಚಿಕಿತ್ಸೆ ಈಗ ಸಾಮಾನ್ಯ. ಆ ಕೆಲಸಕ್ಕೆ ಅಯೋಡಿನ್ ಕಾಂಟ್ರಾಸ್ಟ್ ಚುಚ್ಚಲೇಬೇಕು. ಮುಗಿದ ಮೇಲೆ ಸ್ಕ್ಯಾನ್ ಮಾಡಿದರೆ ಮಿದುಳಿನಲ್ಲೊಂದು ಬಿಳಿ ಮಚ್ಚೆ. ಅದು ಸೋರಿದ ಅಯೋಡಿನ್ನೋ, ಹೊಸ ರಕ್ತಸ್ರಾವವೋ? ಅಯೋಡಿನ್ ಆದರೆ ತಾನಾಗಿ ಮಾಯವಾಗುತ್ತದೆ, ರಕ್ತ ತೆಳುವಾಗಿಸುವ ಔಷಧಿ ಕೊಡಬಹುದು. ರಕ್ತಸ್ರಾವವಾದರೆ ಅದೇ ಔಷಧಿ ಪ್ರಾಣಕ್ಕೆ ಎರವಾದೀತು. ಸಾದಾ ಸಿ.ಟಿ.ಯಲ್ಲಿ ಒಂದು ದಿನ ಕಾದು ಮತ್ತೆ ನೋಡುವುದೇ ಉಪಾಯವಾಗಿತ್ತು. ಡ್ಯುಯಲ್ ಎನರ್ಜಿಯಲ್ಲಿ ಅಯೋಡಿನ್ ಪಾಲನ್ನು ಕಳೆದು ನೋಡಿದರೆ ಮಚ್ಚೆ ಉಳಿಯಿತೇ ಅಳಿಯಿತೇ ಎಂಬುದು ಆಗಲೇ ಗೊತ್ತಾಗುತ್ತದೆ.

ಹೀಗೆ ಅಯೋಡಿನ್ ಕಳೆದ ಚಿತ್ರ ಒಂದು ಕಡೆ, ಅಯೋಡಿನ್ನನ್ನೇ ಉಳಿಸಿಕೊಂಡ ಚಿತ್ರ ಇನ್ನೊಂದು ಕಡೆ. ಎರಡನೆಯದು ಶ್ವಾಸಕೋಶದಲ್ಲಿ ರಕ್ತ ಎಲ್ಲಿ ತಲುಪಿದೆ, ಎಲ್ಲಿ ತಲುಪಿಲ್ಲ ಎಂಬ ನಕ್ಷೆಯಾಗುತ್ತದೆ. ನಾಳದಲ್ಲಿ ಸಿಕ್ಕ ಹೆಪ್ಪು ಕಣ್ಣಿಗೆ ಬೀಳದಷ್ಟು ಚಿಕ್ಕದಿದ್ದರೂ ಅದರ ಮುಂದಿನ ಬರಡು ಜಾಗ ಕಾಣುತ್ತದೆ. ಮೂಳೆಯಿಂದ ಕ್ಯಾಲ್ಸಿಯಂ ಪಾಲನ್ನು ಕಳೆದರೆ ಮಜ್ಜೆಯ ಊತ ಕಾಣುತ್ತದೆ. ಅದು ಎಂ.ಆರ್.ಐ.ಗೆ ಮಾತ್ರ ಸಾಧ್ಯವೆಂದು ನಂಬಿದ್ದ ಕೆಲಸ. ಜರ್ಮನಿಯ ಫ್ರೈಬರ್ಗ್‌ನ ತಂಡವೊಂದು 2010ರಲ್ಲಿ ಮೊಣಕಾಲಿನ ಪೆಟ್ಟುಗಳಲ್ಲಿ ಇದನ್ನು ಮಾಡಿ ತೋರಿಸಿತು. ಬಿದ್ದು ಸೊಂಟ ನೋವೆಂದು ರಾತ್ರಿ ಬಂದ, ಎಂ.ಆರ್.ಐ. ಒಳಗೆ ಕಳಿಸಲಾಗದ ಹಳೆಯ ಪೇಸ್‌ಮೇಕರ್ ಇರುವ ಅಜ್ಜಿಯಂಥವರಿಗೆ ಇದು ದೊಡ್ಡ ಅನುಕೂಲ.

ಇನ್ನೊಂದು ಉಪಯೋಗ ಕ್ಯಾನ್ಸರ್ ಚಿಕಿತ್ಸೆಯ ಪ್ರೋಟಾನ್ ಯಂತ್ರಗಳದು. ಪ್ರೋಟಾನ್ ಕಿರಣ ದೇಹದೊಳಗೆ ಎಷ್ಟು ಆಳದಲ್ಲಿ ನಿಲ್ಲುತ್ತದೆಂದು ಮೊದಲೇ ಲೆಕ್ಕ ಹಾಕಬೇಕು. ಆ ಲೆಕ್ಕ ಬರುವುದು ಸಿ.ಟಿ. ಸಂಖ್ಯೆಯಿಂದ. ಒಂದೇ ಶಕ್ತಿಯ ಸಿ.ಟಿ. ಬಳಸುವಾಗ ಹಲವೆಡೆ ಶೇಕಡಾ 3.5ರಷ್ಟು ಅನುಮಾನದ ಅಂಚು ಇಟ್ಟುಕೊಳ್ಳುವ ರೂಢಿಯಿತ್ತು. ಎಲೆಕ್ಟ್ರಾನ್ ಸಾಂದ್ರತೆಯನ್ನೇ ನೇರ ಅಳೆಯಬಲ್ಲ ಡ್ಯುಯಲ್ ಎನರ್ಜಿ ಆ ಅಂಚನ್ನು ಕಿರಿದಾಗಿಸುತ್ತದೆ. ಜರ್ಮನಿಯ ಡ್ರೆಸ್ಡೆನ್ ಕೇಂದ್ರ ಇದನ್ನು ರೋಗಿಗಳ ಚಿಕಿತ್ಸೆಯಲ್ಲಿ ಮೊದಲು ಬಳಕೆಗೆ ತಂದವುಗಳಲ್ಲಿ ಒಂದು.

ಎರಡು ಚಿತ್ರ ಎಂದರೆ ಎರಡು ಪಟ್ಟು ಕಿರಣ ಎಂಬ ಭಯ ಸಹಜ. ಹಾಗಾಗುವುದಿಲ್ಲ; ಒಂದು ಸ್ಕ್ಯಾನಿಗೆ ಕೊಡುವ ಪ್ರಮಾಣವನ್ನೇ ಎರಡು ಶಕ್ತಿಗಳ ನಡುವೆ ಹಂಚಲಾಗುತ್ತದೆ. ಕಾಂಟ್ರಾಸ್ಟ್ ಇಲ್ಲದ ಚಿತ್ರವನ್ನು ಲೆಕ್ಕದಿಂದಲೇ ಪಡೆಯಬಹುದಾದ್ದರಿಂದ ಒಂದು ಸುತ್ತಿನ ಸ್ಕ್ಯಾನೇ ಉಳಿಯುವ ಸಂದರ್ಭಗಳೂ ಇವೆ. ನಿಜವಾದ ಅಡ್ಡಿಗಳು ಬೇರೆ. ಯಂತ್ರದ ಬೆಲೆ ಒಂದು. ದಪ್ಪ ಮೈಯವರಲ್ಲಿ 80 ಕಿಲೊವೋಲ್ಟ್ ಕಿರಣ ಒಳಗೇ ಸೋತುಹೋಗುವುದು ಇನ್ನೊಂದು. ಹತ್ತಾರು ಬಣ್ಣದ ನಕ್ಷೆಗಳನ್ನು ತೆರೆದು ನೋಡಲು ಸರತಿಯಲ್ಲಿ ನೂರು ಸ್ಕ್ಯಾನ್ ಕಾದಿರುವ ರೇಡಿಯಾಲಜಿಸ್ಟರಿಗೆ ಪುರುಸೊತ್ತಿಲ್ಲದಿರುವುದು ಮೂರನೆಯದು. ಸೌಲಭ್ಯವಿದ್ದೂ ಬಳಸದ ಯಂತ್ರಗಳಿಗೆ ಈ ಕೊನೆಯದೇ ದೊಡ್ಡ ಕಾರಣವಿರಬೇಕು.

2021ರ ಸೆಪ್ಟೆಂಬರ್ ಕೊನೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಸೀಮೆನ್ಸ್‌ನ ‘ನೇಯೊಟಾಮ್ ಆಲ್ಫಾ’ ಯಂತ್ರಕ್ಕೆ ಒಪ್ಪಿಗೆ ಕೊಟ್ಟಿತು. ಅದುವರೆಗಿನ ಡಿಟೆಕ್ಟರುಗಳು ಬಿದ್ದ ಕಿರಣವನ್ನೆಲ್ಲ ಮೊದಲು ಬೆಳಕಾಗಿಸಿ, ಒಟ್ಟು ಎಷ್ಟು ಎಂದು ಅಳೆಯುತ್ತಿದ್ದವು. ಇದರಲ್ಲಿರುವ ಕ್ಯಾಡ್ಮಿಯಂ ಟೆಲ್ಯುರೈಡ್ ಹರಳು ಬಂದ ಪ್ರತಿ ಫೋಟಾನನ್ನೂ, ಅಂದರೆ ಎಕ್ಸ್‌ರೇ ಕಣವನ್ನೂ, ಎಣಿಸುತ್ತದೆ, ಅದರ ಶಕ್ತಿ ನೋಡಿ ವಿಂಗಡಿಸುತ್ತದೆ. ಈ ಬಗೆಯ ಎಣಿಕೆಯ ಇನ್ನೊಂದು ಕವಲು ಜಿನೀವಾದ ಸರ್ನ್ ಪ್ರಯೋಗಾಲಯದ ಕಣ ಭೌತಶಾಸ್ತ್ರದಿಂದ ಹೊರಟಿತ್ತು. ಅಲ್ಲಿನ ಮೆಡಿಪಿಕ್ಸ್ ಚಿಪ್ಪು ಬಳಸಿ ನ್ಯೂಜಿಲೆಂಡಿನ ಫಿಲ್ ಬಟ್ಲರ್ ಮತ್ತು ಅವರ ಮಗ ಆಂಥನಿ ಬಟ್ಲರ್ 2018ರಲ್ಲಿ ಮನುಷ್ಯ ದೇಹದ ಬಣ್ಣದ ಎಕ್ಸ್‌ರೇ ಪ್ರಕಟಿಸಿದಾಗ, ಮೊದಲು ಯಂತ್ರಕ್ಕೆ ಒಡ್ಡಿದ್ದು ತಂದೆಯದೇ ಕಾಲು. ಶಕ್ತಿಯ ಪಾಲುಗಳು ಎರಡಕ್ಕಿಂತ ಹೆಚ್ಚಾದರೆ ಗ್ಯಾಡೊಲಿನಿಯಂ, ಚಿನ್ನದಂಥ ಧಾತುಗಳನ್ನು ಅವುಗಳ ಹೀರುವ ಜಿಗಿತದಿಂದಲೇ ಹಿಡಿಯಬಹುದು. ಜೇಕಬ್‌ಸನ್ 1953ರಲ್ಲಿ ಅಯೋಡಿನ್ನಿಗೆ ಮಾಡಹೊರಟದ್ದೂ ಇದನ್ನೇ; ಚಿನ್ನದ ಜಿಗಿತ 80.7 ಕಿಲೊ ಎಲೆಕ್ಟ್ರಾನ್‌ವೋಲ್ಟ್‌ನಲ್ಲಿರುವುದರಿಂದ ಕಿರಣ ದೇಹ ದಾಟುವ ತೊಂದರೆ ಇಲ್ಲ.

ಸದ್ಯಕ್ಕೆ ಕಗ್ಗಂಟಾಗಿರುವುದು ಅಳತೆಗೋಲು. ನೀರಿಗೆ ಸೊನ್ನೆ, ಗಾಳಿಗೆ ಮೈನಸ್ ಸಾವಿರ ಎಂಬುದನ್ನು ಎಲ್ಲ ಕಂಪನಿಗಳೂ ಒಪ್ಪಿವೆ. ಒಂದು ಗಡ್ಡೆಯಲ್ಲಿ ಪ್ರತಿ ಮಿಲಿಲೀಟರಿಗೆ ಎಷ್ಟು ಮಿಲಿಗ್ರಾಂ ಅಯೋಡಿನ್ ಸೇರಿದೆ ಎಂಬ ಡ್ಯುಯಲ್ ಎನರ್ಜಿಯ ಉತ್ತರ ಮಾತ್ರ ಎರಡು ಟ್ಯೂಬಿನ ಯಂತ್ರದಲ್ಲಿ ಒಂದು, ಎರಡು ಪದರದ ಯಂತ್ರದಲ್ಲಿ ಇನ್ನೊಂದು ಬರುವುದಿದೆ. ಚಿಕಿತ್ಸೆಗೆ ಗಡ್ಡೆ ಕುಗ್ಗುತ್ತಿದೆಯೇ ಎಂದು ತಿಂಗಳು ಬಿಟ್ಟು ಮತ್ತೆ ಅಳೆಯಬೇಕಾದ ರೋಗಿಯನ್ನು ಅದಕ್ಕೇ ವೈದ್ಯರು ಮೊದಲು ಸ್ಕ್ಯಾನ್ ಮಾಡಿದ ಯಂತ್ರಕ್ಕೇ ಕಳಿಸಲು ನೋಡುತ್ತಾರೆ.